ಕಡಲ ಕಾಡಿಗೆ ನೀರುನಾಯಿಯ ಕಾವಲು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮಾಂಟೆರೆ ಕೊಲ್ಲಿಯ ದಡದಲ್ಲಿ ನಿಂತವರಿಗೆ ಆಗಾಗ ಒಂದು ಸದ್ದು ಕೇಳಿಸುತ್ತದೆ. ಕಲ್ಲಿನ ಮೇಲೆ ಕಾಯಿ ಕುಟ್ಟಿದಂತಹ ಟಕ್ ಟಕ್ ಶಬ್ದ. ಸದ್ದು ಬಂದತ್ತ ಕಣ್ಣು ಹಾಯಿಸಿದರೆ, ನೀರಿನ ಮೇಲೆ ಅಂಗಾತ ಮಲಗಿ, ಎದೆಯ ಮೇಲೊಂದು ಕಲ್ಲನ್ನಿಟ್ಟುಕೊಂಡು, ಅದಕ್ಕೆ ಚಿಪ್ಪನ್ನು ಕುಟ್ಟಿ ಒಡೆದು ತಿನ್ನುತ್ತಿರುವ ಮೀಸೆಯ ಪ್ರಾಣಿಯೊಂದು ಕಾಣಸಿಗುತ್ತದೆ. ಅದುವೇ ಕಡಲ ನೀರುನಾಯಿ. ಪ್ರವಾಸಿಗರಿಗೆ ಅದು ಕ್ಯಾಮೆರಾ ಹಿಡಿಯಲು ಒಂದು ನೆಪ. ಸಮುದ್ರ ವಿಜ್ಞಾನಿಗಳಿಗಾದರೋ ಅದು ಕಡಲಾಳದ ಒಂದು ಇಡೀ ಕಾಡನ್ನು ಕಾಯುತ್ತಿರುವ ಕಾವಲುಗಾರ.

ಒಂದು ಪ್ರಾಣಿಯ ಹಸಿವು ಒಂದು ಕಾಡಿನ ಅಳಿವು ಉಳಿವನ್ನು ನಿರ್ಧರಿಸಬಲ್ಲದೇ? ಅರ್ಧ ಶತಮಾನಕ್ಕೂ ಮಿಗಿಲಾಗಿ ನಡೆದಿರುವ ಅಧ್ಯಯನಗಳು ಹೌದೆನ್ನುತ್ತವೆ. ಆದರೆ ಈ ಕಾವಲಿಗೂ ಮಿತಿಗಳಿವೆ, ಅದಕ್ಕೆ ಬೆಲೆ ತೆರುವವರೂ ಇದ್ದಾರೆ ಎಂಬುದನ್ನು ಅದೇ ಅಧ್ಯಯನಗಳು ಹೇಳುತ್ತಿವೆ.

ನದಿಯ ನಂಟ, ಕಡಲ ವಾಸಿ

ಹಂಪಿಯ ಆಸುಪಾಸಿನಲ್ಲಿ ತುಂಗಭದ್ರೆಯ ಬಂಡೆಗಳ ನಡುವೆ ನೀರುನಾಯಿಗಳನ್ನು ಕಂಡ ಕನ್ನಡಿಗರಿಗೆ ಈ ಪ್ರಾಣಿಯ ಚಹರೆ ಹೊಸದೇನಲ್ಲ. ಅವುಗಳ ರಕ್ಷಣೆಗೆಂದೇ 2015ರಲ್ಲಿ ರಾಜ್ಯ ಸರ್ಕಾರ ನದಿಯ 34 ಕಿ.ಮೀ. ಉದ್ದದ ಭಾಗವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತ್ತು. ಕಡಲ ನೀರುನಾಯಿ ಇದೇ ಕುಟುಂಬಕ್ಕೆ ಸೇರಿದ್ದು. ಆದರೆ ಅದರ ಬದುಕಿನ ಬಗೆ ಬೇರೆ. ಅದು ಉಣ್ಣುವುದು, ಮಲಗುವುದು, ಮರಿ ಹಾಕುವುದು ಬಹುಪಾಲು ಸಮುದ್ರದಲ್ಲೇ. ಉತ್ತರ ಪೆಸಿಫಿಕ್ ಸಾಗರದ ತಣ್ಣನೆಯ ಕರಾವಳಿಯೇ ಅದರ ನೆಲೆ. ದೊಡ್ಡ ಗಂಡು 45 ಕೆ.ಜಿ.ವರೆಗೂ ತೂಗುತ್ತದೆ.

ತಣ್ಣೀರಿನಲ್ಲಿ ಬದುಕುವ ತಿಮಿಂಗಿಲ, ಸೀಲ್‌ಗಳಿಗೆ ಚರ್ಮದ ಕೆಳಗೆ ದಪ್ಪನೆಯ ಕೊಬ್ಬಿನ ಪದರವಿರುತ್ತದೆ. ಕಡಲ ನೀರುನಾಯಿಗೆ ಆ ಸೌಲಭ್ಯವಿಲ್ಲ. ಅದನ್ನು ಬೆಚ್ಚಗಿಡುವುದು ಅದರ ತುಪ್ಪಳ ಮಾತ್ರ. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 1 ಲಕ್ಷಕ್ಕೂ ಹೆಚ್ಚು ಕೂದಲು ಬೆಳೆಯುತ್ತವೆ ಎಂದರೆ ಅದರ ದಟ್ಟಣೆಯನ್ನು ಊಹಿಸಬಹುದು. ಮನುಷ್ಯನ ಇಡೀ ತಲೆಯ ಮೇಲಿರುವುದೂ ಸರಿಸುಮಾರು ಅಷ್ಟೇ ಕೂದಲು. ಸಸ್ತನಿಗಳಲ್ಲಿ ಇಷ್ಟು ದಟ್ಟ ತುಪ್ಪಳ ಬೇರಾವುದಕ್ಕೂ ಇಲ್ಲ.

ತುಪ್ಪಳವಷ್ಟೇ ಸಾಲದು. ದೇಹದ ಕಾವು ಆರದಂತೆ ನೋಡಿಕೊಳ್ಳಲು ಅದು ಸದಾ ತಿನ್ನುತ್ತಲೇ ಇರಬೇಕು. ತನ್ನ ತೂಕದ ಸುಮಾರು ಕಾಲು ಭಾಗದಷ್ಟು ಆಹಾರ ಅದಕ್ಕೆ ಪ್ರತಿದಿನ ಬೇಕು. 24 ಕೆ.ಜಿ. ತೂಗುವ ಪ್ರಾಣಿಗೆ ದಿನಕ್ಕೆ ಸುಮಾರು 6 ಕೆ.ಜಿ. ಏಡಿ, ಕಪ್ಪೆಚಿಪ್ಪು, ಬಸವನಹುಳುಗಳ ಜೊತೆಗೆ ಅದು ಆಸೆಪಟ್ಟು ತಿನ್ನುವ ಇನ್ನೊಂದು ಆಹಾರವೆಂದರೆ ಸೀ ಅರ್ಚಿನ್. ಮೈತುಂಬ ಮುಳ್ಳು ಹೊತ್ತ ಚೆಂಡಿನಂತಹ ಈ ಪುಟ್ಟ ಜೀವಿಯಲ್ಲೇ ಕಡಲ ಕಾಡಿನ ಕಥೆಯ ಗುಟ್ಟು ಅಡಗಿದೆ.

ನೀರೊಳಗಿನ ಅರಣ್ಯ

ಕೆಲ್ಪ್ ಎಂಬುದು ತಂಪಾದ ಸಮುದ್ರಗಳಲ್ಲಿ ಬೆಳೆಯುವ ಕಂದು ಬಣ್ಣದ ಬೃಹತ್ ಕಡಲಕಳೆ. ಶಾಸ್ತ್ರದ ಪ್ರಕಾರ ಇದು ಗಿಡವಲ್ಲ, ಪಾಚಿಯ ವರ್ಗಕ್ಕೆ ಸೇರಿದ್ದು. ಇದಕ್ಕೆ ನಿಜವಾದ ಬೇರಿಲ್ಲ. ಬೇರಿನ ಗೊಂಚಲಿನಂತೆ ಕಾಣುವ ಹಿಡಿಕೆಯೊಂದರಿಂದ ಕಡಲತಳದ ಬಂಡೆಯನ್ನು ಬಿಗಿಯಾಗಿ ಅಪ್ಪಿಕೊಂಡು, ಅಲ್ಲಿಂದ ಬೆಳಕಿನತ್ತ ಮೇಲೇರುತ್ತದೆ. ಎಲೆಯಂತಹ ಪಟ್ಟಿಗಳ ಬುಡದಲ್ಲಿರುವ ಗಾಳಿ ತುಂಬಿದ ಗುಳ್ಳೆಗಳು ಅದನ್ನು ನೆಟ್ಟಗೆ ನಿಲ್ಲಿಸುತ್ತವೆ.

ಇವುಗಳಲ್ಲಿ ದೊಡ್ಡದಾದ ಜೈಂಟ್ ಕೆಲ್ಪ್ ಅನುಕೂಲಕರ ಸನ್ನಿವೇಶದಲ್ಲಿ ಒಂದೇ ದಿನಕ್ಕೆ ಅರ್ಧ ಮೀಟರ್‌ಗೂ ಹೆಚ್ಚು ಬೆಳೆಯಬಲ್ಲದು. ಹಲವು ಮಹಡಿಗಳ ಕಟ್ಟಡದಷ್ಟು ಎತ್ತರಕ್ಕೆ ಏರಿ, ನೀರಿನ ಮೇಲ್ಮೈಯಲ್ಲಿ ಚಪ್ಪರದಂತೆ ಹರಡಿಕೊಳ್ಳುತ್ತದೆ. ಚಪ್ಪರದ ಕೆಳಗೆ ಮೀನಿನ ಮರಿಗಳು ಅಡಗಿ ಬೆಳೆಯುತ್ತವೆ. ಹಿಡಿಕೆಯ ಸಂದುಗಳಲ್ಲಿ ಏಡಿ, ಹುಳು, ನಕ್ಷತ್ರಮೀನುಗಳು ಮನೆ ಮಾಡುತ್ತವೆ. ಹರಿದುಬಿದ್ದ ತುಣುಕುಗಳು ಕೊಳೆತು ಎಷ್ಟೋ ಜೀವಿಗಳ ಆಹಾರವಾಗುತ್ತವೆ. ಅಲೆಗಳ ರಭಸವನ್ನು ತಗ್ಗಿಸುವ ಕೆಲಸವನ್ನೂ ಈ ಕಾಡು ಮಾಡುತ್ತದೆ. ಇನ್ನು ನೀರುನಾಯಿಗಂತೂ ಅದು ತೊಟ್ಟಿಲು. ನಿದ್ದೆ ಹೋದಾಗ ಅಲೆಗೆ ತೇಲಿಹೋಗದಿರಲು ಅದು ಕೆಲ್ಪ್ ಪಟ್ಟಿಯನ್ನು ಮೈಗೆ ಸುತ್ತಿಕೊಂಡು ಮಲಗುತ್ತದೆ. ಆಹಾರಕ್ಕಾಗಿ ಮುಳುಗುವ ತಾಯಿ ತನ್ನ ಮರಿಯನ್ನು ಇದೇ ಪಟ್ಟಿಯಲ್ಲಿ ಸುತ್ತಿಟ್ಟು ಹೋಗುವುದೂ ಉಂಟು.

ಈ ಕಾಡಿನ ಶತ್ರು ಸೀ ಅರ್ಚಿನ್. ಸಂಖ್ಯೆ ಮಿತಿಯಲ್ಲಿರುವಾಗ ಅದು ನಿರುಪದ್ರವಿ. ಬಂಡೆಯ ಬಿರುಕುಗಳಲ್ಲಿ ಅವಿತು, ಉದುರಿಬಿದ್ದ ಕೆಲ್ಪ್ ತುಣುಕುಗಳನ್ನು ತಿಂದುಕೊಂಡಿರುತ್ತದೆ. ಆದರೆ ತಿನ್ನುವವರ ಭಯವಿಲ್ಲದೆ ಸಂಖ್ಯೆ ಏರಿದಾಗ, ಉದುರಿದ ತುಣುಕುಗಳು ಸಾಲದಾದಾಗ, ಬಿರುಕಿನಿಂದ ಹೊರಬಂದು ದಂಡುಕಟ್ಟಿ ಜೀವಂತ ಕೆಲ್ಪ್‌ನ ಬುಡಕ್ಕೇ ಬಾಯಿಹಾಕುತ್ತದೆ. ಹಿಡಿಕೆ ತುಂಡಾದರೆ ಇಡೀ ಕೆಲ್ಪ್ ಬಂಡೆಯಿಂದ ಕಳಚಿ ತೇಲಿಹೋಗುತ್ತದೆ. ಕಾಡಿದ್ದ ಜಾಗದಲ್ಲಿ ಕೊನೆಗೆ ಉಳಿಯುವುದು ಬೋಳು ಬಂಡೆ ಮತ್ತು ಅದನ್ನು ಮುಚ್ಚಿದ ಮುಳ್ಳಿನ ಹಾಸು. ವಿಜ್ಞಾನಿಗಳು ಇದನ್ನು 'ಅರ್ಚಿನ್ ಬಂಜರು' ಎಂದು ಕರೆಯುತ್ತಾರೆ.

ತುಪ್ಪಳದ ವ್ಯಾಪಾರ ತಂದ ವಿನಾಶ

ಒಂದು ಕಾಲದಲ್ಲಿ ಜಪಾನಿನ ಉತ್ತರ ಭಾಗದಿಂದ ರಷ್ಯಾ, ಅಲಾಸ್ಕಾ ಮಾರ್ಗವಾಗಿ ಮೆಕ್ಸಿಕೊದವರೆಗೆ ಕಡಲ ನೀರುನಾಯಿಗಳ ವಸತಿ ಹಬ್ಬಿತ್ತು. ಅವುಗಳ ಸಂಖ್ಯೆ ಒಂದೂವರೆ ಲಕ್ಷದಿಂದ ಮೂರು ಲಕ್ಷದಷ್ಟಿತ್ತು ಎಂದು ಅಂದಾಜಿಸಲಾಗಿದೆ. 1741ರಲ್ಲಿ ವಿಟಸ್ ಬೇರಿಂಗ್ ನೇತೃತ್ವದ ರಷ್ಯನ್ ಹಡಗು ಹಿಂದಿರುಗುವ ಹಾದಿಯಲ್ಲಿ ದ್ವೀಪವೊಂದರಲ್ಲಿ ಸಿಲುಕಿತು. ಬೇರಿಂಗ್ ಅಲ್ಲೇ ಮಡಿದ. ಬದುಕುಳಿದವರು ಮರುವರ್ಷ ಊರು ಸೇರಿದಾಗ ಅವರ ಬಳಿ ನೀರುನಾಯಿಯ ತುಪ್ಪಳಗಳಿದ್ದವು. ಚೀನಾದ ಸಿರಿವಂತರಲ್ಲಿ ಅದಕ್ಕೆ ಚಿನ್ನದಂತಹ ಬೆಲೆ ಬಂತು.

ಅಲ್ಲಿಂದ ಮುಂದೆ ನಡೆದದ್ದು ಸುಮಾರು 170 ವರ್ಷಗಳ ಬೇಟೆ. ಅಲ್ಯೂಷನ್ ದ್ವೀಪಗಳ ಮೂಲನಿವಾಸಿಗಳು ನುರಿತ ಬೇಟೆಗಾರರಾಗಿದ್ದರು. ರಷ್ಯನ್ ವ್ಯಾಪಾರಿಗಳು ಅವರ ಹೆಂಡಿರು ಮಕ್ಕಳನ್ನು ಒತ್ತೆಯಿರಿಸಿಕೊಂಡು ಅವರಿಂದಲೇ ಬೇಟೆಯಾಡಿಸಿದರು. ಬಳಿಕ ಬ್ರಿಟಿಷರು, ಅಮೆರಿಕನ್ನರೂ ಈ ವ್ಯಾಪಾರಕ್ಕಿಳಿದರು. 1911ರಲ್ಲಿ ಅಮೆರಿಕ, ರಷ್ಯಾ, ಜಪಾನ್ ಮತ್ತು ಬ್ರಿಟನ್ ಒಪ್ಪಂದ ಮಾಡಿಕೊಂಡು ಬೇಟೆಗೆ ತಡೆ ಹಾಕುವ ಹೊತ್ತಿಗೆ ಉಳಿದದ್ದು ಒಂದೆರಡು ಸಾವಿರ ಮಾತ್ರ. ಅವೂ ಹದಿಮೂರು ಚದುರಿದ ಗುಂಪುಗಳಲ್ಲಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ನಶಿಸಿವೆ ಎಂದೇ ಬಹಳ ಮಂದಿ ನಂಬಿದ್ದರು. 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಚಿಕ್ಕ ಗುಂಪೊಂದು ಜನರ ಕಣ್ಣಿಗೆ ಬಿತ್ತು. ಇಂದು ಆ ರಾಜ್ಯದಲ್ಲಿರುವ ಸುಮಾರು 3 ಸಾವಿರ ನೀರುನಾಯಿಗಳು ಹಾಗೆ ಅಳಿದುಳಿದವುಗಳ ಸಂತತಿ.

ನೀರುನಾಯಿ ಹೋದಾಗ ಹೋದದ್ದು ಒಂದು ಪ್ರಾಣಿ ಮಾತ್ರವಲ್ಲ ಎಂಬುದು ಆಗ ಯಾರ ಗಮನಕ್ಕೂ ಬಂದಿರಲಿಲ್ಲ.

ಎರಡು ದ್ವೀಪಗಳ ಪಾಠ

ಅದನ್ನು ಬಯಲಿಗೆ ತಂದದ್ದು ಅಲಾಸ್ಕಾದ ಅಲ್ಯೂಷನ್ ದ್ವೀಪಸಾಲಿನಲ್ಲಿ ನಡೆದ ಅಧ್ಯಯನ. ಅಲ್ಲಿನ ಆಮ್ಚಿಟ್ಕಾ ದ್ವೀಪವನ್ನು ಅಮೆರಿಕ ಅಣ್ವಸ್ತ್ರ ಪರೀಕ್ಷೆಗೆ ಬಳಸುತ್ತಿತ್ತು. ಪರೀಕ್ಷೆಯಿಂದ ಅಲ್ಲಿನ ಜೀವಿಗಳ ಮೇಲಾಗುವ ಪರಿಣಾಮ ತಿಳಿಯಲು ನೀರುನಾಯಿಗಳ ಅಧ್ಯಯನಕ್ಕೆ ಹಣ ಒದಗಿಸಲಾಗಿತ್ತು. ಹಾಗೆ ಬಂದ ಯುವ ಸಂಶೋಧಕರಲ್ಲಿ ಜೇಮ್ಸ್ ಎಸ್ಟಿಸ್ ಒಬ್ಬರು. ಕೆಲ್ಪ್ ಕಾಡು ನೀರುನಾಯಿಗಳನ್ನು ಹೇಗೆ ಪೋಷಿಸುತ್ತದೆ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. 1971ರಲ್ಲಿ ದ್ವೀಪಕ್ಕೆ ಬಂದ ಪರಿಸರ ವಿಜ್ಞಾನಿ ರಾಬರ್ಟ್ ಪೇನ್ ಆ ಪ್ರಶ್ನೆಯನ್ನೇ ತಿರುಗಿಸಿ ಹಾಕಲು ಸಲಹೆಯಿತ್ತರು. ಕಾಡು ನೀರುನಾಯಿಗೆ ಏನು ಮಾಡುತ್ತದೆ ಎನ್ನುವುದಕ್ಕಿಂತ, ನೀರುನಾಯಿ ಕಾಡಿಗೆ ಏನು ಮಾಡುತ್ತದೆ?

ಕಮಾನಿನ ನಡುವಣ ಒಂದು ಕಲ್ಲನ್ನು ಕಿತ್ತರೆ ಇಡೀ ಕಮಾನು ಕುಸಿಯುವಂತೆ, ಕೆಲವು ಜೀವಿಗಳು ಮರೆಯಾದರೆ ಇಡೀ ಜೀವಸಮುದಾಯವೇ ಬದಲಾಗುತ್ತದೆ ಎಂದು ಪೇನ್ ಅದಾಗಲೇ ನಕ್ಷತ್ರಮೀನುಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಅಂತಹ ಜೀವಿಗಳಿಗೆ 'ಕೀಸ್ಟೋನ್' ಜೀವಿಗಳೆಂದು ಹೆಸರಿಟ್ಟವರೂ ಅವರೇ.

ಬೇಟೆಯ ಕಾಲದಲ್ಲಿ ಆಮ್ಚಿಟ್ಕಾ ಸುತ್ತಮುತ್ತ ಕೆಲವು ನೀರುನಾಯಿಗಳು ಉಳಿದು, ಮತ್ತೆ ಹೆಚ್ಚಿದ್ದವು. ಅಲ್ಲಿಂದ 300 ಕಿ.ಮೀ.ಗೂ ಹೆಚ್ಚು ದೂರದ ಶೆಮ್ಯಾ ದ್ವೀಪಕ್ಕೆ ಅವಿನ್ನೂ ಮರಳಿರಲಿಲ್ಲ. ನೀರು, ಹವೆ, ಬಂಡೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಪ್ರಕೃತಿಯೇ ಪ್ರಯೋಗವೊಂದನ್ನು ಸಿದ್ಧಪಡಿಸಿಟ್ಟಂತಿತ್ತು. ಎಸ್ಟಿಸ್ ಶೆಮ್ಯಾದಲ್ಲಿ ನೀರಿಗೆ ಧುಮುಕಿದಾಗ ಕಂಡದ್ದು ಕಡಲತಳದ ತುಂಬೆಲ್ಲ ಅರ್ಚಿನ್‌ಗಳು. ಕೆಲ್ಪ್ ಇಲ್ಲವೆನ್ನುವಷ್ಟು ವಿರಳ. ಆಮ್ಚಿಟ್ಕಾದಲ್ಲಾದರೋ ದಟ್ಟ ಕಾಡು. ಅರ್ಚಿನ್‌ಗಳು ಚಿಕ್ಕವು, ಅವಿತಿರುವಂಥವು. 1974ರಲ್ಲಿ ಎಸ್ಟಿಸ್ ಮತ್ತು ಜಾನ್ ಪಾಮಿಸಾನೊ ಈ ಹೋಲಿಕೆಯನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನೀರುನಾಯಿ ಅರ್ಚಿನ್‌ಗಳನ್ನು ತಿನ್ನುತ್ತದೆ, ಅದರಿಂದ ಕೆಲ್ಪ್ ಉಳಿಯುತ್ತದೆ ಎಂಬ ಸರಳ ಸೂತ್ರ ಪರಿಸರ ವಿಜ್ಞಾನದ ಪಠ್ಯಗಳನ್ನು ಸೇರಿತು.

ಮರಳಿ ಬಂದಲ್ಲಿ ಕಾಡೂ ಮರಳಿತು

ಈ ಸೂತ್ರದ ಸತ್ಯಾಸತ್ಯತೆ ಮುಂದಿನ ದಶಕಗಳಲ್ಲಿ ಬೇರೆ ಬೇರೆ ಕಡೆ ಪರೀಕ್ಷೆಗೊಳಗಾಯಿತು. 1971ರ ನವೆಂಬರ್‌ನಲ್ಲಿ ಆಮ್ಚಿಟ್ಕಾದಲ್ಲಿ ನಡೆದ ಸುಮಾರು 5 ಮೆಗಾಟನ್ ಸಾಮರ್ಥ್ಯದ ಭೂಗತ ಪರೀಕ್ಷೆ ನೂರಾರು ನೀರುನಾಯಿಗಳನ್ನು ಬಲಿ ತೆಗೆದುಕೊಂಡಿತು. ಆದರೆ ಅದಕ್ಕೂ ಮುನ್ನವೇ, 1960ರ ದಶಕದ ಮಧ್ಯಭಾಗದಿಂದ, ಅಲಾಸ್ಕಾದ ನೀರುನಾಯಿಗಳನ್ನು ಅವು ನಶಿಸಿಹೋಗಿದ್ದ ಕರಾವಳಿಗಳಿಗೆ ಒಯ್ದು ಬಿಡುವ ಕಾರ್ಯ ಆರಂಭವಾಗಿತ್ತು.

ಅಲಾಸ್ಕಾದ ಆಗ್ನೇಯ ಭಾಗದಲ್ಲಿ ಬಿಟ್ಟ ಸುಮಾರು 400 ನೀರುನಾಯಿಗಳ ಸಂತತಿ ಈಗ 20 ಸಾವಿರವನ್ನು ಮೀರಿದೆ. ಕೆನಡಾದ ವ್ಯಾಂಕೂವರ್ ದ್ವೀಪದ ಬಳಿ 1969ರಿಂದ 1972ರ ನಡುವೆ 89 ನೀರುನಾಯಿಗಳನ್ನು ಬಿಡಲಾಯಿತು. 2017ರ ವೇಳೆಗೆ ಬ್ರಿಟಿಷ್ ಕೊಲಂಬಿಯಾದಲ್ಲಿ ಅವುಗಳ ಸಂಖ್ಯೆ 8 ಸಾವಿರ ದಾಟಿತ್ತು. ಅವು ಹೊಸ ಜಾಗಗಳಿಗೆ ಹಬ್ಬುತ್ತ ಹೋದಂತೆ, ಬಂಜರಾಗಿದ್ದ ಬಂಡೆಗಳ ಮೇಲಿನ ಅರ್ಚಿನ್‌ಗಳು ಕರಗಿ, ಕೆಲವೇ ವರ್ಷಗಳಲ್ಲಿ ಕೆಲ್ಪ್ ತಲೆಯೆತ್ತಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ಓರೆಗಾನ್ ರಾಜ್ಯದಲ್ಲಿ 1970 ಮತ್ತು 1971ರಲ್ಲಿ ಬಿಟ್ಟ 93 ನೀರುನಾಯಿಗಳು ಕೆಲವು ವರ್ಷಗಳಲ್ಲಿ ಕಾಣೆಯಾದವು.

ಸೂತ್ರವನ್ನು ತಿರುವುಮುರುವಾಗಿ ಸಾಬೀತುಪಡಿಸಿದ್ದು ಮತ್ತೆ ಅಲ್ಯೂಷನ್ ದ್ವೀಪಗಳೇ. 1990ರ ದಶಕದಲ್ಲಿ ಅಲ್ಲಿನ ನೀರುನಾಯಿಗಳು ಇದ್ದಕ್ಕಿದ್ದಂತೆ ಕಡಿಮೆಯಾಗತೊಡಗಿದವು. ರೋಗದ ಸುಳಿವಿಲ್ಲ, ಉಪವಾಸದ ಲಕ್ಷಣವಿಲ್ಲ, ದಡಕ್ಕೆ ತೇಲಿಬರುವ ಶವಗಳೂ ಇಲ್ಲ. ಓರ್ಕಾ ತಿಮಿಂಗಿಲಗಳು ಅವುಗಳನ್ನು ಬೇಟೆಯಾಡುತ್ತಿವೆ ಎಂದು ಎಸ್ಟಿಸ್ ಮತ್ತು ಸಂಗಡಿಗರು 1998ರಲ್ಲಿ ವಾದ ಮುಂದಿಟ್ಟರು. ಎಡಾಕ್ ದ್ವೀಪದಲ್ಲಿ ಓರ್ಕಾಗಳು ನುಗ್ಗಲಾಗದ ಕಿರಿದಾದ ಹಿನ್ನೀರಿನಲ್ಲಿ ನೀರುನಾಯಿಗಳು ಹಾಗೆಯೇ ಉಳಿದಿದ್ದವು. ಪಕ್ಕದ ತೆರೆದ ಕೊಲ್ಲಿಯಲ್ಲಿ ಅವು ಬರಿದಾಗಿದ್ದವು. ಓರ್ಕಾಗಳು ತಮ್ಮ ಎಂದಿನ ಆಹಾರವಾದ ಸೀಲ್ ಮತ್ತು ಕಡಲ ಸಿಂಹಗಳು ವಿರಳವಾದ್ದರಿಂದ ಇತ್ತ ತಿರುಗಿದವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಪರಿಣಾಮದ ಬಗ್ಗೆ ಮಾತ್ರ ಸಂಶಯವಿಲ್ಲ. ನೀರುನಾಯಿ ಹೋಯಿತು, ಅರ್ಚಿನ್ ಹೆಚ್ಚಿತು, ಕೆಲ್ಪ್ ಕಾಡು ಬೋಳಾಯಿತು. 2005ರಲ್ಲಿ ಅಮೆರಿಕ ನೈಋತ್ಯ ಅಲಾಸ್ಕಾದ ನೀರುನಾಯಿಗಳನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿತು.

ಹಾನಿ ಅಲ್ಲಿಗೇ ನಿಲ್ಲಲಿಲ್ಲ. ಕೆಲ್ಪ್ ಮುಗಿದ ಮೇಲೆ ಹಸಿದ ಅರ್ಚಿನ್‌ಗಳು ಅದರ ಕೆಳಗಿದ್ದ, ಸುಣ್ಣದ ಕವಚದ ಪಾಚಿ ಶತಮಾನಗಳಿಂದ ಕಟ್ಟಿದ್ದ ದಿಬ್ಬಗಳನ್ನೂ ಕೊರೆಯತೊಡಗಿದವು. ಕಾವೇರುತ್ತಿರುವ, ಆಮ್ಲೀಯವಾಗುತ್ತಿರುವ ಸಮುದ್ರದಲ್ಲಿ ಈ ಕೊರೆತ ಇನ್ನಷ್ಟು ವೇಗ ಪಡೆಯುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಬಿಸಿಯಾದ ಸಮುದ್ರ, ಬೋಳಾದ ಕರಾವಳಿ

ಇತ್ತೀಚಿನ ಬಲುದೊಡ್ಡ ಪರೀಕ್ಷೆ ಎದುರಾದದ್ದು ಕ್ಯಾಲಿಫೋರ್ನಿಯಾಕ್ಕೆ. 2013ರಲ್ಲಿ ಪೆಸಿಫಿಕ್ ಕರಾವಳಿಯ ನಕ್ಷತ್ರಮೀನುಗಳಿಗೆ ಭೀಕರ ರೋಗ ತಗುಲಿತು. ತೋಳುಗಳು ಕಳಚಿ, ಮೈ ಕರಗಿ ಅವು ಸಾಯತೊಡಗಿದವು. ಅರ್ಚಿನ್‌ಗಳನ್ನು ತಿನ್ನುವ ದೈತ್ಯ ಸೂರ್ಯಕಾಂತಿ ನಕ್ಷತ್ರಮೀನಿನ ಸಂತತಿಯಲ್ಲಿ ಶೇ 90ಕ್ಕೂ ಹೆಚ್ಚು ಅಳಿಯಿತು. ರೋಗಕ್ಕೆ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಕಾರಣವೆಂಬುದು ಪತ್ತೆಯಾದದ್ದು 2025ರಲ್ಲಷ್ಟೇ. ಇದರ ಬೆನ್ನಿಗೇ 2014ರಿಂದ 2016ರವರೆಗೆ ಸಮುದ್ರದ ನೀರು ಅಸಹಜವಾಗಿ ಬಿಸಿಯಾಯಿತು. ತಣ್ಣೀರನ್ನೇ ನೆಚ್ಚಿದ ಕೆಲ್ಪ್ ಸೊರಗಿತು. ನೇರಳೆ ಅರ್ಚಿನ್‌ಗಳು ಇದೇ ಹೊತ್ತಿಗೆ ಉಕ್ಕಿದವು.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಬೇಟೆಯಿಂದಾಗಿ ನೀರುನಾಯಿಗಳು ಇರಲೇ ಇಲ್ಲ. ನಕ್ಷತ್ರಮೀನೇ ಅಲ್ಲಿನ ಉಳಿದ ಕಾವಲುಗಾರ. ಅದೂ ಇಲ್ಲವಾದಾಗ ಸುಮಾರು 350 ಕಿ.ಮೀ. ಕರಾವಳಿಯಲ್ಲಿ ಶೇ 90ಕ್ಕೂ ಹೆಚ್ಚು ಕೆಲ್ಪ್ ನಾಶವಾಯಿತು. ಕೆಲ್ಪ್ ತಿಂದು ಬದುಕುವ ಅಬಲೋನ್ ಎಂಬ ದೊಡ್ಡ ಚಿಪ್ಪುಜೀವಿಗಳು ಹಸಿವಿನಿಂದ ಸತ್ತವು. ತಲೆಮಾರುಗಳಿಂದ ಅವನ್ನು ಹೆಕ್ಕುತ್ತಿದ್ದ ಮುಳುಗುಗಾರರ ಹವ್ಯಾಸಕ್ಕೆ 2018ರಲ್ಲಿ ಸರ್ಕಾರವೇ ತೆರೆ ಎಳೆಯಬೇಕಾಯಿತು. ಕೆಂಪು ಅರ್ಚಿನ್‌ಗಳನ್ನು ಹಿಡಿದು ಮಾರಿ ಬದುಕುತ್ತಿದ್ದವರ ಕಸುಬೂ ನೆಲಕಚ್ಚಿತು. ತಿನ್ನಲು ಕೆಲ್ಪ್ ಇಲ್ಲದ ಅರ್ಚಿನ್‌ಗಳ ಒಡಲು ಬರಿದಾಗಿ, ಕೊಳ್ಳುವವರಿಲ್ಲದಂತಾಯಿತು.

ನೀರುನಾಯಿಗಳಿದ್ದ ಮಾಂಟೆರೆಯಲ್ಲಿ ಏನಾಯಿತು? ಅಲ್ಲಿಯೂ ಅರ್ಚಿನ್ ಹಾವಳಿ ತಪ್ಪಲಿಲ್ಲ. ಆದರೆ ಕಾಡು ಪೂರ್ತಿ ಅಳಿಯಲಿಲ್ಲ. ಬಂಜರು ತುಂಡುಗಳ ನಡುವೆ ಕೆಲ್ಪ್ ತೋಪುಗಳು ಉಳಿದವು. ಇದರ ಕಾರಣ 2021ರಲ್ಲಿ ಪ್ರಕಟವಾದ ಅಧ್ಯಯನದಿಂದ ಸ್ಪಷ್ಟವಾಯಿತು. ನೀರುನಾಯಿಗಳು ಮೊದಲಿಗಿಂತ ಹೆಚ್ಚು ಅರ್ಚಿನ್‌ಗಳನ್ನು ತಿನ್ನುತ್ತಿದ್ದವು ನಿಜ. ಆದರೆ ಅವು ಹುಡುಕುತ್ತಿದ್ದುದು ಕೆಲ್ಪ್ ತೋಪಿನೊಳಗೆ ಚೆನ್ನಾಗಿ ತಿಂದು ಕೊಬ್ಬಿದ ಅರ್ಚಿನ್‌ಗಳನ್ನು. ಬಂಜರಿನಲ್ಲಿರುವವು ಟೊಳ್ಳು. ಚಿಪ್ಪೊಡೆದರೂ ಒಳಗೆ ತಿನ್ನಲು ಏನೂ ಇಲ್ಲ. ಅಂತಹ ಅರ್ಚಿನ್‌ಗಳು ಹಸಿದುಕೊಂಡೇ ವರ್ಷಗಟ್ಟಲೆ ಬದುಕಬಲ್ಲವು. ನೀರುನಾಯಿ ಅವುಗಳತ್ತ ಮೂಸಿಯೂ ನೋಡದು.

ಈ ಸಂಗತಿ ಮಹತ್ವದ್ದು. ಉಳಿದ ಕಾಡನ್ನು ನೀರುನಾಯಿ ಕಾಯುತ್ತದೆ. ಹಾಗೆ ಉಳಿದ ತೋಪುಗಳಿಂದ ಹೊಮ್ಮುವ ಬೀಜಾಣುಗಳು ಮುಂದೆ ಅಕ್ಕಪಕ್ಕದ ಬಂಡೆಗಳಲ್ಲಿ ಕಾಡನ್ನು ಹಬ್ಬಿಸಬಲ್ಲವು. ಆದರೆ ಟೊಳ್ಳು ಅರ್ಚಿನ್‌ಗಳು ತುಂಬಿದ ಬಂಜರನ್ನು ಅದು ತಾನಾಗಿ ಬಿಡಿಸಿಕೊಡುತ್ತದೆಂದು ನಂಬುವಂತಿಲ್ಲ. ವ್ಯಾಂಕೂವರ್‌ನಲ್ಲಿ ಕಾಡನ್ನು ಮರಳಿ ತಂದ ಪ್ರಾಣಿಯೇ ಮಾಂಟೆರೆಯಲ್ಲಿ ಇದ್ದ ಕಾಡನ್ನಷ್ಟೇ ಉಳಿಸಿತು.

ಹಳೆಯ ಭೂಪಟಗಳನ್ನು ಇಂದಿನ ಸಮೀಕ್ಷೆಗಳೊಂದಿಗೆ ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೇ ಚಿತ್ರವನ್ನು ಶತಮಾನದ ಹರಹಿನಲ್ಲಿ ತೋರಿಸಿದೆ. 1910ರಿಂದ 2016ರವರೆಗಿನ ಅವಧಿಯಲ್ಲಿ, ನೀರುನಾಯಿಗಳು ಚೇತರಿಸಿಕೊಂಡ ಮಧ್ಯ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಕೆಲ್ಪ್ ಹರವು ಶೇ 57ರಷ್ಟು ಹೆಚ್ಚಿದೆ. ಉತ್ತರ ಕರಾವಳಿಯಲ್ಲಿ ಶೇ 63 ಮತ್ತು ದಕ್ಷಿಣ ಕರಾವಳಿಯಲ್ಲಿ ಶೇ 52ರಷ್ಟು ಕುಗ್ಗಿದೆ.

ಅಳಿವೆಯಲ್ಲಿಯೂ ಅದೇ ಆಟ

ನೀರುನಾಯಿಯ ಪ್ರಭಾವ ಕೆಲ್ಪ್ ಕಾಡಿಗಷ್ಟೇ ಸೀಮಿತವಲ್ಲ. ಮಾಂಟೆರೆ ಕೊಲ್ಲಿಗೆ ಸೇರುವ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ಅವು ನೆಲೆಸಿದ ಬಳಿಕ ಏಡಿಗಳು ಕಡಿಮೆಯಾದವು. ಏಡಿಗಳಿಗೆ ಆಹಾರವಾಗುತ್ತಿದ್ದ ಪುಟ್ಟ ಕಡಲ ಗೊಂಡೆಹುಳುಗಳು ಹೆಚ್ಚಿದವು. ಅವು ಕಡಲಹುಲ್ಲಿನ ಎಲೆಗಳಿಗೆ ಅಂಟಿದ ಪಾಚಿಯನ್ನು ಮೇಯ್ದು ಸ್ವಚ್ಛಗೊಳಿಸಿದವು. ಬೆಳಕು ಕಂಡ ಹುಲ್ಲು ಸೊಂಪಾಗಿ ಹರಡಿತು. 2013ರಲ್ಲಿ ಈ ಸರಪಳಿ ಬೆಳಕಿಗೆ ಬಂತು. ಅಳಿವೆಯ ಜೌಗುದಡವನ್ನು ಕೊರೆದು ಟೊಳ್ಳಾಗಿಸುತ್ತಿದ್ದ ಏಡಿಗಳನ್ನು ನೀರುನಾಯಿಗಳು ತಿಂದದ್ದರಿಂದ, ಅವು ಹೆಚ್ಚಾಗಿರುವ ಕಡೆ ದಡದ ಸವೆತ ಶೇ 90ರವರೆಗೂ ತಗ್ಗಿದೆ ಎಂದು 2024ರ ಜನವರಿಯಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿದ ವರದಿ ತಿಳಿಸಿತು.

ಈ ಅಳಿವೆಯ ನೀರುನಾಯಿಗಳಲ್ಲಿ ಹಲವು ಮನುಷ್ಯರ ಆರೈಕೆಯಿಂದ ಬಂದವು. ತಾಯಿಯಿಂದ ಅಗಲಿದ ಮರಿಗಳನ್ನು ಮಾಂಟೆರೆ ಬೇ ಅಕ್ವೇರಿಯಂ ತನ್ನಲ್ಲಿರುವ ಹೆಣ್ಣು ನೀರುನಾಯಿಗಳ ಮಡಿಲಿಗೆ ಒಪ್ಪಿಸುತ್ತದೆ. ಈಜು, ಬೇಟೆ, ಚಿಪ್ಪೊಡೆಯುವ ಕಲೆಯನ್ನು ಸಾಕುತಾಯಂದಿರು ಕಲಿಸುತ್ತವೆ. ಹೀಗೆ ಬೆಳೆದು ಬಿಡುಗಡೆಗೊಂಡ ಪ್ರಾಣಿಗಳು ಮತ್ತು ಅವುಗಳ ಸಂತತಿಯಿಂದಲೇ ಎಲ್ಕ್‌ಹಾರ್ನ್‌ನಲ್ಲಿ ಹದಿನೈದು ವರ್ಷಗಳಲ್ಲಾದ ಹೆಚ್ಚಳದ ಅರ್ಧಕ್ಕೂ ಮಿಗಿಲಾದ ಪಾಲು ಬಂದಿದೆ ಎಂದು 2019ರಲ್ಲಿ ವರದಿಯಾಯಿತು.

ಲಾಭ ಯಾರಿಗೆ, ನಷ್ಟ ಯಾರಿಗೆ?

ಹೊಟ್ಟೆಬಾಕ ಪ್ರಾಣಿ ಅರ್ಚಿನ್‌ಗಳನ್ನಷ್ಟೇ ತಿನ್ನುವುದಿಲ್ಲ. ಏಡಿ, ಅಬಲೋನ್, ಕಪ್ಪೆಚಿಪ್ಪು, ಕಡಲಸೌತೆಗಳೂ ಅದರ ತಟ್ಟೆಯಲ್ಲಿವೆ. ಮನುಷ್ಯರ ತಟ್ಟೆಯಲ್ಲಿಯೂ ಇರುವುದು ಅವೇ. ಆಗ್ನೇಯ ಅಲಾಸ್ಕಾದ ಮೀನುಗಾರರು ಇದೇ ಕಾರಣಕ್ಕೆ ದಶಕಗಳಿಂದ ಅಸಮಾಧಾನ ವ್ಯಕ್ತಪಡಿಸುತ್ತಿದ್ದಾರೆ. ಕೆನಡಾದ ಕರಾವಳಿಯ ಮೂಲನಿವಾಸಿ ಸಮುದಾಯಗಳದ್ದೂ ಇದೇ ಅಳಲು. ನೀರುನಾಯಿಗಳನ್ನು ಮರಳಿ ತರುವಾಗ ತಮ್ಮನ್ನು ಕೇಳಿದವರಿಲ್ಲ, ಮನೆಯ ಊಟಕ್ಕಿದ್ದ ಚಿಪ್ಪುಜೀವಿಗಳು ಮಾತ್ರ ಇಲ್ಲವಾದವು ಎಂಬುದು ಅವರ ದೂರು.

ಅದರಲ್ಲಿ ಹುರುಳಿಲ್ಲದಿಲ್ಲ. ಬಿಳಿಯರು ಬರುವ ಮುನ್ನ ಸಾವಿರಾರು ವರ್ಷ ಈ ಜನರು ನೀರುನಾಯಿಗಳ ಜೊತೆಗೇ ಬದುಕಿದ್ದವರು. ಊರಿನ ಆಸುಪಾಸಿನಲ್ಲಿ ಅವುಗಳನ್ನು ಬೇಟೆಯಾಡಿ ದೂರವಿರಿಸಿ, ಚಿಪ್ಪುಜೀವಿಗಳನ್ನು ಉಳಿಸಿಕೊಳ್ಳುತ್ತಿದ್ದರು ಎಂಬುದಕ್ಕೆ ಪ್ರಾಚೀನ ತಿಪ್ಪೆಗಳಲ್ಲಿ ದೊರೆತ ಎಲುಬು, ಚಿಪ್ಪುಗಳು ಸಾಕ್ಷಿ ನುಡಿಯುತ್ತವೆ. ಅಮೆರಿಕದ 1972ರ ಕಾಯ್ದೆ ಅಲಾಸ್ಕಾದ ಕರಾವಳಿಯ ಮೂಲನಿವಾಸಿಗಳಿಗೆ ಈಗಲೂ ಬೇಟೆಯ ಹಕ್ಕನ್ನು ಉಳಿಸಿದೆ.

ಲೆಕ್ಕದ ಇನ್ನೊಂದು ಮಗ್ಗುಲೂ ಇದೆ. ವ್ಯಾಂಕೂವರ್ ದ್ವೀಪದ ಪಶ್ಚಿಮ ಕರಾವಳಿಯನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನ ನಷ್ಟ ಲಾಭಗಳೆರಡನ್ನೂ ತೂಗಿ ನೋಡಿತು. ನೀರುನಾಯಿಗಳು ಪೂರ್ಣವಾಗಿ ಮರಳಿದರೆ ಚಿಪ್ಪುಜೀವಿ ಕಸುಬಿಗೆ ವರ್ಷಕ್ಕೆ ಸುಮಾರು 70 ಲಕ್ಷ ಕೆನಡಾ ಡಾಲರ್ ನಷ್ಟ. ಪ್ರವಾಸೋದ್ಯಮದಿಂದ ಸುಮಾರು 4.2 ಕೋಟಿ, ಹೆಚ್ಚುವ ಮೀನಿನಿಂದ ಸುಮಾರು 90 ಲಕ್ಷ, ಇಂಗಾಲ ಹಿಡಿದಿಡುವುದರಿಂದ ಸುಮಾರು 20 ಲಕ್ಷ ಡಾಲರ್ ಲಾಭ. ಮೊತ್ತ ನೋಡಿದರೆ ಲಾಭದ ತಕ್ಕಡಿಯೇ ಕೆಳಗೆ. ಆದರೆ ಏಡಿ ಬಲೆ ಹಾಕುವವನ ಕೈತಪ್ಪಿದ ದುಡ್ಡು ದೋಣಿ ವಿಹಾರ ನಡೆಸುವವನ ಜೇಬು ಸೇರುತ್ತದೆ. ನಷ್ಟ ಒಬ್ಬರದು, ಲಾಭ ಇನ್ನೊಬ್ಬರದು ಎಂಬ ತೊಡಕನ್ನು ಯಾವ ಸರಾಸರಿಯೂ ಬಿಡಿಸಲಾರದು.

ಮುಂದಿನ ಹೆಜ್ಜೆ

ಸದ್ಯ ಚರ್ಚೆ ಕೇಂದ್ರೀಕೃತವಾಗಿರುವುದು ಉತ್ತರ ಕ್ಯಾಲಿಫೋರ್ನಿಯಾ ಮತ್ತು ಓರೆಗಾನ್ ಕರಾವಳಿಯ ಮೇಲೆ. ಮಧ್ಯ ಕ್ಯಾಲಿಫೋರ್ನಿಯಾದ ನೀರುನಾಯಿಗಳು ತಾವಾಗಿ ಉತ್ತರಕ್ಕೆ ಹಬ್ಬುತ್ತಿಲ್ಲ. ಗಡಿಯಲ್ಲಿ ಬಿಳಿ ಶಾರ್ಕ್‌ಗಳ ಕಾಟ. ತಿನ್ನಲಿಕ್ಕಲ್ಲದಿದ್ದರೂ ಶಾರ್ಕ್ ಒಮ್ಮೆ ಕಚ್ಚಿದರೆ ನೀರುನಾಯಿ ಬದುಕುವುದು ಅಪರೂಪ. ಹಾಗಾಗಿ ಮನುಷ್ಯರೇ ಅವನ್ನು ಒಯ್ದು ಬಿಡಬೇಕೇ ಎಂಬುದು ಪ್ರಶ್ನೆ. ಇದು ಕಾರ್ಯಸಾಧ್ಯ ಎಂದು ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವಾ ಇಲಾಖೆ 2022ರ ವರದಿಯಲ್ಲಿ ಹೇಳಿತಾದರೂ, ಮುಂದುವರಿಯುವ ಮುನ್ನ ಮೀನುಗಾರರು, ಮೂಲನಿವಾಸಿ ಸಮುದಾಯಗಳು ಹಾಗೂ ಸ್ಥಳೀಯರ ಜೊತೆ ಸಮಾಲೋಚನೆ ಅಗತ್ಯವೆಂದು ಸೂಚಿಸಿತು.

ಹಿಂದಿನ ಅನುಭವವೂ ಎಚ್ಚರಿಕೆ ಕಲಿಸಿದೆ. 1987ರಿಂದ 1990ರವರೆಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಸಾನ್ ನಿಕೊಲಸ್ ದ್ವೀಪಕ್ಕೆ 140 ನೀರುನಾಯಿಗಳನ್ನು ಸಾಗಿಸಲಾಗಿತ್ತು. ಬಹುತೇಕ ಪ್ರಾಣಿಗಳು ದ್ವೀಪ ಬಿಟ್ಟು ಹೊರಟವು. ಕೆಲವು ನೂರಾರು ಕಿ.ಮೀ. ಈಜಿ ಹಿಂದಿದ್ದ ಜಾಗಕ್ಕೇ ಮರಳಿದವು. 2012ರಲ್ಲಿ ಆ ಯೋಜನೆ ವಿಫಲವೆಂದು ಘೋಷಣೆಯಾಯಿತು. ಉಳಿದ ಸಣ್ಣ ಗುಂಪು ಮಾತ್ರ ನಿಧಾನವಾಗಿ ಬೆಳೆದಿದೆ.

ಹಾಗೆಂದು ಉತ್ತರದ ಕರಾವಳಿಯಲ್ಲಿ ಯಾರೂ ಕೈಕಟ್ಟಿ ಕುಳಿತಿಲ್ಲ. ಕಸುಬು ಕಳೆದುಕೊಂಡ ಅರ್ಚಿನ್ ಮುಳುಗುಗಾರರನ್ನೇ ನೇಮಿಸಿ ಕೆಲವು ಕೊಲ್ಲಿಗಳ ಬಂಜರಿನಿಂದ ನೇರಳೆ ಅರ್ಚಿನ್‌ಗಳನ್ನು ಕೈಯಿಂದಲೇ ಆಯಿಸಲಾಗಿದೆ. ಪ್ರಯೋಗಾಲಯಗಳಲ್ಲಿ ಸೂರ್ಯಕಾಂತಿ ನಕ್ಷತ್ರಮೀನುಗಳನ್ನು ಸಾಕಿ ಬೆಳೆಸುವ ಪ್ರಯತ್ನ ನಡೆದಿದೆ. ಬಂಜರನ್ನು ಮೊದಲು ಮನುಷ್ಯ ಬಿಡಿಸಿ, ಕೆಲ್ಪ್ ಮರಳಿದ ಮೇಲೆ ಅದನ್ನು ಕಾಯುವ ಹೊಣೆಯನ್ನು ನೀರುನಾಯಿ ಮತ್ತು ನಕ್ಷತ್ರಮೀನುಗಳಿಗೆ ಒಪ್ಪಿಸುವುದು ವಿವೇಕದ ದಾರಿಯಾಗಿ ಕಾಣುತ್ತಿದೆ. ಆದರೂ ಕಾವೇರುತ್ತಿರುವ ಸಮುದ್ರವನ್ನು ತಣಿಸುವುದು ಯಾವ ನೀರುನಾಯಿಯಿಂದಲೂ ಆಗದ ಕೆಲಸ.

ತುಪ್ಪಳದ ಆಸೆಗೆ ಮನುಷ್ಯ ಕಾವಲುಗಾರನನ್ನು ಕೊಂದ. ಕಾಡು ಕಳೆದುಕೊಂಡದ್ದು ಆತನಿಗೆ ಅರಿವಾಗಲು ಎರಡು ಶತಮಾನಗಳೇ ಬೇಕಾದವು. ಈಗ ಕಾವಲುಗಾರನನ್ನು ಮರಳಿ ಕರೆಯುವ ಹೊತ್ತಿನಲ್ಲಿ, ಅವನ ಊಟದ ಖರ್ಚನ್ನು ಹಂಚಿಕೊಳ್ಳುವವರು ಯಾರು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗಿದೆ. ಮಾಂಟೆರೆಯ ದಡದಲ್ಲಿ ಕೇಳಿಬರುವ ಆ ಟಕ್ ಟಕ್ ಸದ್ದು ಉತ್ತರದ ಬೋಳು ಕರಾವಳಿಯಲ್ಲಿಯೂ ಮತ್ತೆ ಕೇಳಿಸೀತೇ ಎಂಬುದು ಆ ತೀರ್ಮಾನವನ್ನೇ ಅವಲಂಬಿಸಿದೆ.